ಬೇಡವಾದ ಸಾಮಾನು ವಾಪಸು ಕೊಡೋಣ



ಮೊದಲೆಲ್ಲ ನಾವು ಸಂತೆಗೆ ಹೋಗಿ ಸೀರೆ ಕೊಳ್ಳುತ್ತಿದ್ದೆವು. ಸೆರಗು ಬಿಡಿಸಿ ನೋಡುತ್ತಿದ್ದೆವು. ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದೆವು. ಈಗ ಮಗ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ. "ಅವ್ವಾ, ಇದು ಚೆನ್ನಾಗಿದೆ, ತರಿಸಲಾ?" ಅಂತಾನೆ. ನಾವು ಹೂಂ ಅಂತೀವಿ. ನಾಲ್ಕು ದಿನಕ್ಕೆ ಪಾರ್ಸಲ್ ಬಾಗಿಲಿಗೇ ಬರುತ್ತೆ. ಬಿಚ್ಚಿ ನೋಡಿದರೆ ಚಿತ್ರದ ಸೀರೆಯೇ ಬೇರೆ, ಬಂದ ಸೀರೆಯೇ ಬೇರೆ!

ಆಗ ನಾವೇನು ಮಾಡ್ತೀವಿ? "ಹೋಗಲಿ ಬಿಡು, ನಮ್ಮ ಹಣೆಬರಹ" ಅಂತ ಪೆಟ್ಟಿಗೆಗೆ ಹಾಕ್ತೀವಿ. ಆದರೆ ಆ 600 ರೂಪಾಯಿ ಎಲ್ಲಿಂದ ಬಂತು? ಎರಡು ದಿನ ಬಿಸಿಲಿನಲ್ಲಿ ಕಳೆ ಕಿತ್ತದ್ದಕ್ಕೆ ಬಂತು. ಅದನ್ನು ಸುಮ್ಮನೆ ಬಿಡಬಹುದೇ?

ಬಿಡಬೇಕಾಗಿಲ್ಲ. ಸಾಮಾನು ವಾಪಸು ಕೊಡಬಹುದು. ಆದರೆ ಬೇಡವಾದ ಸಾಮಾನಿನಲ್ಲಿ ಎರಡು ಬಗೆ ಇದೆ. ಅದನ್ನು ನಾವು ತಿಳಿದಿರಬೇಕು.

ಒಂದು: ಸಾಮಾನು ಸರಿಯಾಗಿದೆ, ನಮಗೆ ಇಷ್ಟವಾಗಲಿಲ್ಲ. ಇದನ್ನು ವಾಪಸು ತೆಗೆದುಕೊಳ್ಳುವುದು ಮಾರುವವರ ನಿಯಮಕ್ಕೆ ಬಿಟ್ಟದ್ದು. ಕೆಲವರು 7 ದಿನ ಕೊಡುತ್ತಾರೆ, ಕೆಲವರು 10 ದಿನ. ಕೆಲವು ಸಾಮಾನು ವಾಪಸು ತೆಗೆದುಕೊಳ್ಳುವುದೇ ಇಲ್ಲ. ಚಿತ್ರದ ಕೆಳಗೆ 'ರಿಟರ್ನ್' ಅಂತ ಬರೆದಿರುತ್ತೆ. ಕೊಳ್ಳುವ ಮುಂಚೆಯೇ ಅದನ್ನು ಓದಬೇಕು, ಇಲ್ಲವೇ ಮಕ್ಕಳಿಂದ ಓದಿಸಿ ಕೇಳಬೇಕು.

ಎರಡು: ಸಾಮಾನು ಹರಿದಿದೆ, ಒಡೆದಿದೆ, ನಕಲಿಯಾಗಿದೆ, ಅಥವಾ ಹೇಳಿದ್ದೊಂದು, ಕಳಿಸಿದ್ದೊಂದು. ಇಲ್ಲಿ ಕಾನೂನು ನಮ್ಮ ಕಡೆ ಇದೆ. 2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. 2020ರಲ್ಲಿ ಆನ್‌ಲೈನ್ ವ್ಯಾಪಾರಕ್ಕೂ ನಿಯಮ ಬಂತು. ಇಂಥ ಸಾಮಾನನ್ನು ವಾಪಸು ತೆಗೆದುಕೊಳ್ಳಲ್ಲ ಅಂತ ಮಾರಿದವರು ಹೇಳುವ ಹಾಗಿಲ್ಲ.

ಪೇಟೆಯ ಅಂಗಡಿಗೂ ಇದೇ ಮಾತು. "ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಅಂತ ಎಷ್ಟೋ ಬಿಲ್ಲುಗಳ ಮೇಲೆ ಇರುತ್ತೆ. ಸಾಮಾನು ಕೆಟ್ಟದ್ದಾಗಿದ್ದರೆ ಆ ಮಾತು ನಡೆಯಲ್ಲ. ವಾಪಸಿಗೆ ಬಿಲ್ಲಿನಲ್ಲಿ ದಿನ ಬರೆದಿಲ್ಲದಿದ್ದರೆ 30 ದಿನದೊಳಗೆ ಅವರು ಅದನ್ನು ತೆಗೆದುಕೊಂಡು ಹಣ ಕೊಡಬೇಕು.

ಫೋನಿನಲ್ಲಿ ತರಿಸಿದ್ದನ್ನು ಪೇಟೆಯ ಅಂಗಡಿಗೇ ಒಯ್ದು ಕೊಡಬಹುದೇ? ಕೆಲವು ಕಂಪನಿಗಳಿಗೆ ಊರುಗಳಲ್ಲಿ ಸ್ವಂತ ಅಂಗಡಿ ಇರುತ್ತೆ. ಅಂಥ ಕೆಲವು ಕಡೆ ತೆಗೆದುಕೊಳ್ಳುತ್ತಾರೆ. ಮೊದಲು ಕೇಳಿಕೊಂಡು ಹೋಗಿ, ಬಸ್ಸಿನ ಖರ್ಚು ಉಳಿಯುತ್ತೆ. ಮಿಕ್ಕ ಕಂಪನಿಗಳು ಮನೆಗೇ ಆಳು ಕಳಿಸುತ್ತವೆ. ನಮ್ಮೂರ ಬಟ್ಟೆ ಅಂಗಡಿಯವರು ತಾವು ಮಾರದ ಸೀರೆ ತೆಗೆದುಕೊಳ್ಳಬೇಕಾಗಿಲ್ಲ. ಅವರ ಜೊತೆ ಜಗಳ ಬೇಡ.

ಇನ್ನು ನಾವು ಮಾಡಬೇಕಾದ್ದು ಇಷ್ಟು:

ಪಾರ್ಸಲ್ ಬಂದ ದಿನವೇ ಬಿಚ್ಚಿ ನೋಡಬೇಕು. ಬಿಚ್ಚುವಾಗ ಮಗಳಿಗೆ ಹೇಳಿ ಫೋನಿನಲ್ಲಿ ವಿಡಿಯೋ ತೆಗೆಸಬೇಕು.

ಬಿಲ್ಲು, ಚೀಟಿ, ಡಬ್ಬ ಯಾವುದನ್ನೂ ಒಲೆಗೆ ಹಾಕಬಾರದು.

ಬೇಡವಾದ ಸೀರೆಯನ್ನು ಉಡಬಾರದು, ಒಗೆಯಬಾರದು. ವಾಯಿದೆ ಮುಗಿಯುವ ಮುಂಚೆ ತಿಳಿಸಬೇಕು.

ಸಾಮಾನು ಒಪ್ಪಿಸಿದ ಮೇಲೆ ರಸೀದಿ ಅಥವಾ ಮೆಸೇಜು ಬಂತಾ ನೋಡಬೇಕು.

ಒಂದು ಎಚ್ಚರಿಕೆ. "ನಿಮ್ಮ ಹಣ ವಾಪಸು ಹಾಕ್ತೀವಿ, ಪಿನ್ ಒತ್ತಿ" ಅಂತ ಯಾರಾದರೂ ಫೋನ್ ಮಾಡಬಹುದು. ಒತ್ತಬೇಡಿ! ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತೆ. ಓಟಿಪಿ ಕೇಳಿದರೂ ಹೇಳಬೇಡಿ. ಮೋಸ ಆಗಿಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮಾರಿದವರು ಒಪ್ಪದಿದ್ದರೆ? ಮೊದಲು ಕಂಪನಿಗೆ ದೂರು ಕೊಡಿ. ದೂರು ಬಂತು ಅಂತ 48 ಗಂಟೆಯೊಳಗೆ ಅವರು ತಿಳಿಸಬೇಕು. ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರೂ ಬೇಕೇಬೇಕು ಅಂತಿಲ್ಲ.

ಆದರೆ ಎಲ್ಲ ಕಡೆ ಮೊದಲು ಕೇಳುವುದು ಒಂದೇ: "ಬಿಲ್ಲು ಎಲ್ಲಮ್ಮಾ?"

ಅದಕ್ಕೇ ನಾಳೆ ಬರುವಾಗ ಮನೆಯಲ್ಲಿರುವ ಒಂದು ಬಿಲ್ಲು ತನ್ನಿ. ಅಂಗಡಿಯ ಹೆಸರು, ತಾರೀಖು, ಬೆಲೆ, ಈ ಮೂರನ್ನೂ ಹುಡುಕಿ ಓದೋಣ. ಓದಿದ ಮೇಲೆ ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡೋಣ.