ಸೊಂಟದಿಂದ ಕಾಲಿಗೆ ಇಳಿಯುವ ನೋವು



ಏರ್ಕಾಡು ಬೆಟ್ಟದ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮಂದಿ ಸೊಂಟ ಹಿಡಿದುಕೊಂಡೇ ನಡೆಯುತ್ತಾರೆ. ‘ವಾಯು ಹಿಡಿದಿದೆ’ ಎನ್ನುತ್ತೇವೆ. ಬಹಳ ಸಲ ಅದು ಬರೀ ಉಳುಕು. ಆದರೆ ನೋವು ಮೊಣಕಾಲು ದಾಟಿ ಪಾದದವರೆಗೆ ಇಳಿದರೆ, ಜೋಮು ಹಿಡಿದರೆ, ಕೆಮ್ಮಿದಾಗ ಹೆಚ್ಚಾದರೆ, ನರದ ಮೇಲೆ ಒತ್ತಡ ಬಿದ್ದಿರಬಹುದು.

ಬೆನ್ನೆಲುಬಿನ ಮಣಿಗಳ ನಡುವೆ ದಿಂಬಿನಂಥ ಬಿಲ್ಲೆಗಳಿವೆ. ಬಗ್ಗಿ, ತಿರುಗಿ ಮೂಟೆ ಎತ್ತುವಾಗ ಬಿಲ್ಲೆಯೊಳಗಿನ ಮೆತ್ತನೆಯ ಭಾಗ ಹೊರಕ್ಕೆ ಉಬ್ಬಿ ಪಕ್ಕದ ನರವನ್ನು ಒತ್ತಬಹುದು. ಕೇಡು ಸೊಂಟದಲ್ಲಿ, ನೋವು ಕಾಲಿನಲ್ಲಿ! ಕಾಲಿಗೆ ಎಣ್ಣೆ ತಿಕ್ಕಿ ಫಲವೇನು?

ಹೆದರಬೇಡಿ. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಒಂದೆರಡು ದಿನ ಮಲಗಿ, ಆಮೇಲೆ ಮೆಲ್ಲಗೆ ನಡೆದಾಡಿ. ವಾರಗಟ್ಟಲೆ ಮಲಗಿದರೆ ಸೊಂಟದ ಬಲವೇ ಹೋಗುತ್ತದೆ. ಬಿಸಿನೀರಿನ ಕಾವು ಹಿತ. ಬೆನ್ನು ತುಳಿಸಿಕೊಳ್ಳುವುದು ಬೇಡ. ಅಂಗಡಿಯ ನೋವಿನ ಮಾತ್ರೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಮೂಟೆ ಎತ್ತುವಾಗ ಮೊಣಕಾಲು ಮಡಿಸಿ, ಮೈಗೆ ಹತ್ತಿರ ಹಿಡಿದು ಏಳಿ. ಗಂಡಸಿಗೂ 55 ಕಿಲೋ ಮೀರಿ ಹೊರಿಸಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮೇಸ್ತ್ರಿಗೆ ಇದನ್ನು ಹೇಳಲು ಸಂಕೋಚವೇಕೆ?

ಮೂತ್ರ ಕಟ್ಟಿದರೆ, ಅರಿವಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನರ ಸತ್ತರೆ ಮರಳಿ ಬರುವುದು ಕಷ್ಟ. ಕೂಲಿ ಹೋದರೂ ಹೋಗಲಿ, 108ಕ್ಕೆ ಫೋನ್ ಮಾಡಿ ಅಂದೇ ಸೇಲಂನ ಸರ್ಕಾರಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.