ಗುಳ್ಳ ಯಾರದ್ದು ಸ್ವಾಮಿ?

ಇವತ್ತಿನ ಮಾತು ಅಕ್ಕಿಯಿಂದ ಶುರುವಾಗಿ ಬದನೆಕಾಯಿಗೆ ಬರುತ್ತೆ. ಸ್ವಲ್ಪ ತಾಳ್ಮೆ ಇರಲಿ.

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎರಡು ಹೊಸ ಭತ್ತದ ತಳಿಗಳನ್ನು ಘೋಷಿಸಿದರು. ಒಂದರ ಹೆಸರು ಡಿಆರ್‌ಆರ್ ಧಾನ್ 100, ಕರೆಯುವ ಹೆಸರು ಕಮಲಾ. ನಮಗೆಲ್ಲ ಗೊತ್ತಿರುವ ಸಾಂಬಾ ಮಸೂರಿಯಿಂದ ಹುಟ್ಟಿದ್ದು. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಇದು ಎಂಟಿಯು 1010 ಎಂಬ ತಳಿಯಿಂದ ಬಂದದ್ದು. ಎರಡೂ ಜೀನೋಮ್ ಎಡಿಟಿಂಗ್‌ನಿಂದ ತಯಾರಾದವು. ನಮ್ಮ ದೇಶದಲ್ಲಿ ಇಂಥ ಭತ್ತ ಇದೇ ಮೊದಲು.

ಸುದ್ದಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ಕಾಮೆಂಟುಗಳ ಮಳೆ. ‘ಬಿಟಿ ಅಕ್ಕಿ ಬಂತು, ಇನ್ನು ಕ್ಯಾನ್ಸರ್ ಗ್ಯಾರಂಟಿ’ ಅಂತ ಒಬ್ಬರು. ‘ವಿರೋಧ ಮಾಡೋರೆಲ್ಲ ವಿದೇಶಿ ಏಜೆಂಟರು’ ಅಂತ ಇನ್ನೊಬ್ಬರು. ‘ನಮಗೆ ಕುಚ್ಚಲಕ್ಕಿ ಸಾಕು, ನೀವೇ ತಿನ್ನಿ’ ಅಂತ ಮತ್ತೊಬ್ಬರು. ಮೂರನೆಯವರು ಬಹುಶಃ ನಮ್ಮ ಕರಾವಳಿಯವರೇ ಇರಬೇಕು.

ಮೊದಲನೆಯದಾಗಿ, ಇದು ಬಿಟಿ ಅಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಜೀವಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಹದಿನೈದು ವರ್ಷದ ಮೇಲಾಯ್ತು. ಆದರೂ ಇದು ಅರ್ಥವಾಗದಷ್ಟು ಕಷ್ಟದ ವಿಷಯವೇನಲ್ಲ. ಯಕ್ಷಗಾನದ ಲೆಕ್ಕದಲ್ಲೇ ಹೇಳ್ತೇನೆ. ಬಿಟಿ ಅಂದ್ರೆ ಒಂದು ಪ್ರಸಂಗಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪ್ರಸಂಗದ ವೇಷವನ್ನು ತಂದು ರಂಗದಲ್ಲಿ ನಿಲ್ಲಿಸಿದ ಹಾಗೆ. ಬ್ಯಾಕ್ಟೀರಿಯಾದ ಜೀನ್ ತಂದು ಗಿಡದೊಳಗೆ ಇಡೋದು. ಈಗ ಭತ್ತದಲ್ಲಿ ಮಾಡಿರುವ ಎಡಿಟಿಂಗ್‌ನಲ್ಲಿ ಹೊರಗಿನ ವೇಷ ಇಲ್ಲ. ಇರುವ ವೇಷದ ಅರ್ಥಗಾರಿಕೆಯಲ್ಲೇ ಒಂದೆರಡು ಮಾತು ಕತ್ತರಿಸೋದು. 2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಗಿಡಗಳಿಗೆ, ಹೊರಗಿನ ಡಿಎನ್‌ಎ ಉಳಿದಿಲ್ಲ ಎಂಬ ಷರತ್ತಿನ ಮೇಲೆ, ಕುಲಾಂತರಿ ಬೆಳೆಗಳಿಗಿರುವ ಉದ್ದನೆಯ ಪರೀಕ್ಷೆಗಳಿಂದ ವಿನಾಯಿತಿ ಕೊಟ್ಟಿತು. ಈ ವಿನಾಯಿತಿ ಸರಿಯೋ ತಪ್ಪೋ ಅನ್ನೋದು ಚರ್ಚೆ ಮಾಡಬೇಕಾದ ವಿಷಯ. ಆದರೆ ಕಾಮೆಂಟು ಮಾಡಿದವರಲ್ಲಿ ಅದನ್ನು ಎತ್ತಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡನೆಯ ತಳಿ ಬರವನ್ನೂ ಉಪ್ಪನ್ನೂ ತಾಳುತ್ತದೆ ಎಂದು ಅದನ್ನು ಮಾಡಿದ ಸಂಸ್ಥೆ ಹೇಳುತ್ತಿದೆ. ಉಪ್ಪು ಅಂದ ಕೂಡಲೇ ಕರಾವಳಿಯ ಕಿವಿ ನಿಮಿರಬೇಕು. ಹೊಳೆಗೆ ಕಡಲ ನೀರು ನುಗ್ಗಿ ಗದ್ದೆ ಹಾಳಾಗುವ ಕಥೆ ಇಲ್ಲಿಯ ಪ್ರತಿ ಊರಿನಲ್ಲೂ ಇದೆ. ಅದಕ್ಕೇ ಇವತ್ತು ನಾನು ಕಟಪಾಡಿಯ ಕಡೆ ನಿಮ್ಮನ್ನು ಕರೆದುಕೊಂಡು ಹೋಗ್ತಾ ಇರೋದು. ಬೀಜದ ಬಗ್ಗೆ ಇಂಥದ್ದೇ ಗಲಾಟೆ ಹದಿನೈದು ವರ್ಷದ ಹಿಂದೆ ಈ ಊರಿನ ಪಕ್ಕದ ಒಂದು ತರಕಾರಿಯ ಸುತ್ತ ನಡೆದಿತ್ತು. ಅದರಿಂದ ಕಲಿಯಬೇಕಾದದ್ದನ್ನು ನಾವು ಕಲಿತಿಲ್ಲ.

ಕಟಪಾಡಿ ಜಂಕ್ಷನ್‌ನಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ ಶಂಕರಪುರ, ಮಲ್ಲಿಗೆಯ ಊರು. ಪಶ್ಚಿಮಕ್ಕೆ ಹೋದರೆ ಮಟ್ಟು. ಅತ್ತ ಕಡಲು, ಇತ್ತ ಹೊಳೆ, ನಡುವೆ ಗದ್ದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅಲ್ಲಿ ಬೆಳೆಯೋದು ಗುಳ್ಳ. ತಿಳಿಹಸಿರು ಮೈ, ಬಿಳಿ ಗೆರೆ, ಚೆಂಡಿನಂಥ ಆಕಾರ, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಬೇಗ ಬೇಯುತ್ತೆ, ಕಹಿ ಇಲ್ಲ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟು ಬೆಳೆಯಲು ಹೇಳಿದರು ಎಂಬುದು ಊರಿನ ನಂಬಿಕೆ. ಉಡುಪಿಯ ಪರ್ಯಾಯದ ಹೊರೆಕಾಣಿಕೆಯಲ್ಲಿ ಮಟ್ಟುಗುಳ್ಳಕ್ಕೆ ಇವತ್ತಿಗೂ ತನ್ನದೇ ಸ್ಥಾನ ಇದೆ. ಗುಳ್ಳದ ಹುಳಿ ಇಲ್ಲದ ಊಟವನ್ನು ಊಟ ಅಂತ ಒಪ್ಪದ ಹಿರಿಯರು ಉಡುಪಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ಗಲಾಟೆಗೆ ಬರೋಣ.

ಬದನೆಗೆ ದೊಡ್ಡ ಶತ್ರು ಕಾಂಡ ಮತ್ತು ಕಾಯಿ ಕೊರೆಯುವ ಹುಳ. ಒಮ್ಮೆ ಒಳಗೆ ಹೊಕ್ಕಿತೆಂದರೆ ಯಾವ ಔಷಧಿಯೂ ಮುಟ್ಟೋದಿಲ್ಲ. ಹಾಗಾಗಿ ಅದು ಒಳಗೆ ಹೋಗುವ ಮೊದಲೇ ಸಾಯಲಿ ಅಂತ ಬದನೆ ಬೆಳೆಯುವವರು ಮತ್ತೆ ಮತ್ತೆ ಸಿಂಪಡಿಸ್ತಾರೆ. ಬಿಟಿ ಬದನೆ ಹುಟ್ಟಿದ್ದು ಈ ಕಷ್ಟದಿಂದ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕ್ರೈ1ಎಸಿ ಎಂಬ ಜೀನನ್ನು ಮಹಿಕೋ ಕಂಪನಿ ಬದನೆಗೆ ಸೇರಿಸಿತು. ಮಹಿಕೋದಲ್ಲಿ ಅಮೆರಿಕದ ಮಾನ್ಸಾಂಟೋಗೆ ಪಾಲಿತ್ತು. ಆಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ 2005ರಲ್ಲಿ ಒಪ್ಪಂದ ಮಾಡಿಕೊಂಡು, ಆ ಜೀನನ್ನು ಕರ್ನಾಟಕದ ಆರು ಸ್ಥಳೀಯ ಬದನೆ ತಳಿಗಳಿಗೆ ದಾಟಿಸುವ ಕೆಲಸ ಕೈಗೆತ್ತಿಕೊಂಡಿತು. ಮಲಾಪುರ, ಮಂಜರಿ ಗೋಟ, ಕುಡಚಿಯ ಜೊತೆ ಆ ಪಟ್ಟಿಯಲ್ಲಿ ಇದ್ದ ಇನ್ನೊಂದು ಹೆಸರು ಉಡುಪಿ ಗುಳ್ಳ.

2009ರ ಅಕ್ಟೋಬರ್ 14ರಂದು ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ದೊಡ್ಡ ಕೂಗೆದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಮೂರೇ ದಿನದಲ್ಲಿ, ಫೆಬ್ರವರಿ 9ಕ್ಕೆ, ತಡೆ ಘೋಷಣೆ ಆಯ್ತು. ಸ್ವತಂತ್ರ ಪರೀಕ್ಷೆಗಳು ಸಾಲದು, ಅವಸರವೇನೂ ಇಲ್ಲ, ರಾಜ್ಯಗಳೂ ಒಪ್ಪುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಆ ತಡೆ ಇವತ್ತಿಗೂ ತೆರವಾಗಿಲ್ಲ.

ಆವತ್ತಿನಿಂದ ಇವತ್ತಿನವರೆಗೆ ‘ಬಿಟಿ ಗುಳ್ಳ’ ಅಂದ ಕೂಡಲೇ ಬರುವ ಮಾತು ಎರಡೇ. ‘ತಿಂದರೆ ವಿಷ’, ಇಲ್ಲವೇ ‘ತಿಂದರೆ ಏನೂ ಆಗಲ್ಲ, ನೀವು ವಿಜ್ಞಾನ ವಿರೋಧಿಗಳು’. ಅಲ್ಲಾ ಸ್ವಾಮಿ, ಇಡೀ ವಿಷಯವನ್ನು ಹೊಟ್ಟೆಗೆ ತಂದು ನಿಲ್ಲಿಸಿಬಿಟ್ಟರೆ ಹೇಗೆ? ಇಲ್ಲಿ ಪ್ರಶ್ನೆ ಮೂರಿವೆ. ಒಂದು ಹೊಟ್ಟೆಯದು, ಒಂದು ಗದ್ದೆಯದು, ಇನ್ನೊಂದು ಹಕ್ಕಿನದು. ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರೆ ಯಾವುದೂ ಬೇಯೋದಿಲ್ಲ.

ಹೊಟ್ಟೆಯದು ಮೊದಲು. ಈ ಬಿಟಿ ಪ್ರೋಟೀನ್ ಕೆಲಸ ಮಾಡೋದು ಹುಳದ ಕ್ಷಾರೀಯ ಕರುಳಿನಲ್ಲಿ, ಅಲ್ಲಿ ಅದು ಅಂಟಿಕೊಳ್ಳಲು ಬೇಕಾದ ಗ್ರಾಹಕಗಳಿರುವುದರಿಂದ. ಮನುಷ್ಯನ ಹೊಟ್ಟೆ ಆಮ್ಲೀಯ, ಆ ಗ್ರಾಹಕಗಳೂ ನಮ್ಮಲ್ಲಿಲ್ಲ. ಅದೇ ಬ್ಯಾಕ್ಟೀರಿಯಾವನ್ನು ಸಾವಯವ ಕೃಷಿಕರು ದಶಕಗಳಿಂದ ಸಿಂಪಡಿಸುತ್ತಾ ಬಂದಿದ್ದಾರೆ. ಪಕ್ಕದ ಬಾಂಗ್ಲಾದೇಶ 2014ರಲ್ಲಿ ಇಪ್ಪತ್ತು ರೈತರಿಗೆ ಬಿಟಿ ಬದನೆಯ ಸಸಿ ಕೊಟ್ಟು ಆರಂಭಿಸಿತು. ಈಗ ಅಲ್ಲಿ ಸಾವಿರಾರು ರೈತರು ಬೆಳೆಯುತ್ತಾರೆ, ಕೀಟನಾಶಕದ ಬಳಕೆ ಇಳಿದಿದೆ ಎಂದು ಅಧ್ಯಯನಗಳು ಹೇಳಿವೆ. ಹಾಗಾಗಿ ‘ತಿಂದರೆ ಕ್ಯಾನ್ಸರ್ ಗ್ಯಾರಂಟಿ’ ಅನ್ನೋರು ಆಧಾರ ಕೊಡಬೇಕು. ಅದೇ ರೀತಿ, ಮಾರುವವನೇ ಪರೀಕ್ಷೆ ಮಾಡಿ ತನಗೆ ತಾನೇ ಪಾಸ್ ಕೊಡಬಾರದು ಎಂದು ಜನ ಕೇಳಿದ್ದೂ ನ್ಯಾಯವೇ. ಎಂಜಿನಿಯರಿಂಗ್ ಪರೀಕ್ಷೆಯಲ್ಲೂ ನಮ್ಮ ಪೇಪರನ್ನು ನಾವೇ ತಿದ್ದಿದ್ದಿಲ್ಲ.

ಇನ್ನು ಗದ್ದೆಯ ಪ್ರಶ್ನೆ. ಬದನೆ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ದುಂಬಿ, ಜೇನು ಬಂದು ಪಕ್ಕದ ಗಿಡದ ಪರಾಗ ತರೋದೂ ಉಂಟು. ಮಟ್ಟುವಿನಂಥ ಪುಟ್ಟ ಊರಿನಲ್ಲಿ ಗದ್ದೆಗೆ ಗದ್ದೆ ತಾಗಿಕೊಂಡಿದೆ. ಒಬ್ಬ ಬಿಟಿ ಗುಳ್ಳ ಹಾಕಿದ, ಪಕ್ಕದವನು ಹಳೆಯ ಗುಳ್ಳ ಹಾಕಿದ ಅಂದುಕೊಳ್ಳಿ. ಪಕ್ಕದವನು ತನ್ನ ಕಾಯಿಯಿಂದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತುತ್ತಾನೆ. ಆ ಬೀಜ ಯಾವುದು? ಅವನಿಗೇ ಗೊತ್ತಾಗಲ್ಲ. ಎಷ್ಟೋ ತಲೆಮಾರು ಆರಿಸಿ ಆರಿಸಿ ಉಳಿಸಿಕೊಂಡ ತಳಿಗೆ ಇದು ಸಣ್ಣ ವಿಷಯವೇ? ಇಲ್ಲಿ ವಿಷದ ಮಾತೇ ಬರೋದಿಲ್ಲ. ಬೆರಕೆಯ ಮಾತು ಮಾತ್ರ ಬರುತ್ತೆ.

ಮೂರನೆಯದು ಹಕ್ಕು. ನನ್ನ ಪ್ರಕಾರ ಈ ಕಥೆಯ ಜೀವ ಇರುವುದೇ ಇಲ್ಲಿ. ಜೀವವೈವಿಧ್ಯ ಕಾಯ್ದೆ ಅಂತ 2002ರಲ್ಲಿ ಬಂತು. ವಿದೇಶಿ ಪಾಲಿರುವ ಸಂಸ್ಥೆ ನಮ್ಮ ಸ್ಥಳೀಯ ತಳಿಯನ್ನು ಸಂಶೋಧನೆಗೆ ಬಳಸಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಿತ್ತು. ಪ್ರಾಧಿಕಾರ ಊರಿನ ಜೀವವೈವಿಧ್ಯ ಸಮಿತಿಯನ್ನು ಕೇಳಬೇಕು. ಈ ಬದನೆಗಳ ವಿಷಯದಲ್ಲಿ ಆ ಕೆಲಸ ಆಗಿಲ್ಲ ಎಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿತು, 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ಆ ಕಾಯ್ದೆಯಡಿ ದೇಶದಲ್ಲಿ ಸುದ್ದಿಯಾದ ಮೊದಲ ದೊಡ್ಡ ಪ್ರಕರಣ ಇದು.

ಆರೋಪಕ್ಕೆ ಉತ್ತರವೂ ಇತ್ತು, ಅದನ್ನೂ ಹೇಳಬೇಕು. ವಿಶ್ವವಿದ್ಯಾಲಯ ಸರ್ಕಾರಿ ಸಂಸ್ಥೆ. ಅದು ತಯಾರಿಸುತ್ತಿದ್ದ ತಳಿಗಳು ಹೈಬ್ರಿಡ್ ಅಲ್ಲ, ರೈತ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಾದಂಥವು. ಲಾಭದ ವ್ಯಾಪಾರ ಇದಲ್ಲ ಎಂಬ ವಾದದಲ್ಲಿ ತೂಕ ಇದೆ. ಆದರೆ ಒಳ್ಳೆಯ ಉದ್ದೇಶ ಇದ್ದರೆ ಕೇಳದೇ ತೆಗೆದುಕೊಳ್ಳಬಹುದೇ? ಪಕ್ಕದ ಮನೆಯ ಹಿತ್ತಲಿನಿಂದ ಬಸಳೆ ದಂಟು ಕೊಯ್ಯುವಾಗಲೂ ನಾವು ‘ಅಕ್ಕಾ, ಒಂದು ದಂಟು ತಗೊಳ್ತೆ’ ಅಂತ ಕೂಗಿ ಹೇಳ್ತೇವೆ. ಆಕೆ ಬೇಡ ಅನ್ನೋದಿಲ್ಲ ಅಂತ ಗೊತ್ತಿದ್ದೂ ಕೇಳ್ತೇವೆ. ಕಾಯ್ದೆ ಕೇಳಿದ್ದು ಅಷ್ಟೇ ಮರ್ಯಾದೆಯನ್ನು.

ಕೆಲವರು ಹೇಳಬಹುದು, ‘ಮಟ್ಟುಗುಳ್ಳಕ್ಕೆ ಜಿಐ ಸಿಕ್ಕಿದೆಯಲ್ಲ, ಇನ್ನೇನು ಭಯ?’ ಹೌದು, 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಸಂತೋಷ. ಆದರೆ ಜಿಐ ಕಾಯೋದು ಹೆಸರನ್ನು. ಬೇರೆ ಊರಿನ ಬದನೆಗೆ ಮಟ್ಟುಗುಳ್ಳ ಅಂತ ಚೀಟಿ ಅಂಟಿಸಿ ಮಾರಬಾರದು, ಅಷ್ಟೇ. ಬೀಜದೊಳಗಿನ ಗುಣವನ್ನು ಅದು ಕಾಯೋದಿಲ್ಲ. ತಳಿಯನ್ನು ರೈತರ ತಳಿ ಎಂದು ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಬೀಜವನ್ನು ಯಾರು, ಯಾವುದಕ್ಕೆ ಒಯ್ದರು ಅಂತ ಕೇಳಲು ಜೀವವೈವಿಧ್ಯ ಕಾಯ್ದೆ ಇದೆ. ಮೂರು ಬಾಗಿಲಿಗೆ ಮೂರು ಬೀಗ. ಒಂದಕ್ಕೆ ಬೀಗ ಹಾಕಿ ಮಲಗಿದರೆ ಮನೆ ಭದ್ರ ಆಗಲ್ಲ.

ಆ ಮೂರನೆಯ ಬೀಗ ಈಗ ಸ್ವಲ್ಪ ಸಡಿಲವೂ ಆಗಿದೆ. ಹಳೆಯ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ತಳಿ ಬಳಸಿದವರಿಗೆ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇತ್ತು. 2023ರ ತಿದ್ದುಪಡಿಯಲ್ಲಿ ಜೈಲು ಹೋಯ್ತು, ದಂಡ ಉಳೀತು. ಸಂಶೋಧಕರಿಗೆ ಕಿರುಕುಳ ಆಗಬಾರದು ಅನ್ನೋದು ಒಂದು ವಾದ. ದೊಡ್ಡ ಕಂಪನಿಗೆ ದಂಡ ಅಂದ್ರೆ ಖರ್ಚಿನ ಲೆಕ್ಕದಲ್ಲಿ ಒಂದು ಸಾಲು ಅನ್ನೋದು ಇನ್ನೊಂದು ವಾದ. ನಾನು ಎರಡನೆಯದರ ಕಡೆ. ಬೀಜದ ಮೇಲೆ ಕಂಪನಿ ಹಕ್ಕು ಸಾಧಿಸಿದರೆ ಅದು ಪೇಟೆಂಟ್, ಗಟ್ಟಿ ಕಾನೂನು. ರೈತ ಹಕ್ಕು ಕೇಳಿದರೆ ಅದು ಬರೀ ಭಾವನೆ. ಈ ತಕ್ಕಡಿ ನನಗೆ ಸರಿ ಕಾಣಲ್ಲ.

ಈಗ ಮತ್ತೆ ಅಕ್ಕಿಗೆ ಬನ್ನಿ. ಜೀನ್ ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿಗೆ 2020ರಲ್ಲಿ ಇಬ್ಬರು ಮಹಿಳೆಯರಿಗೆ, ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ, ರಸಾಯನಶಾಸ್ತ್ರದ ನೊಬೆಲ್ ಬಂತು. ಅದ್ಭುತ ಕತ್ತರಿ, ಅನುಮಾನ ಬೇಡ. ಆದರೆ ಆ ಕತ್ತರಿಯ ಮೇಲೆ ಪೇಟೆಂಟುಗಳಿವೆ. ತಳಿ ನಮ್ಮದು, ಕೆಲಸ ನಮ್ಮ ಸರ್ಕಾರಿ ವಿಜ್ಞಾನಿಗಳದ್ದು, ಕತ್ತರಿ ಯಾರದ್ದೋ. ಹಾಗಾದರೆ ನಾಳೆ ರೈತನ ಕೈಗೆ ಬರುವ ಬೀಜದ ಬೆಲೆ ಯಾರು ನಿರ್ಧರಿಸುತ್ತಾರೆ? ಇದು ಕ್ಯಾನ್ಸರ್‌ನ ಫಾರ್ವರ್ಡ್‌ಗಿಂತ ನೂರು ಪಾಲು ಮುಖ್ಯವಾದ ಪ್ರಶ್ನೆ. ಆದರೆ ಇದರಲ್ಲಿ ಮಸಾಲೆ ಇಲ್ಲ. ನಮ್ಮ ಟಿವಿ ಪರದೆಯ ಕೆಂಪು ಪಟ್ಟಿಗೂ ಇದು ಹಿಡಿಸೋದಿಲ್ಲ, ನಿಮ್ಮ ಮೊಬೈಲಿನ ಗ್ರೂಪಿಗೂ ಹಿಡಿಸೋದಿಲ್ಲ.

ಕಾಮೆಂಟು ಮಾಡಬೇಡಿ ಅಂತ ನಾನು ಹೇಳಲ್ಲ. ವಿಜ್ಞಾನದ ಸುದ್ದಿಯ ಬಗ್ಗೆ ವಿಜ್ಞಾನಿಗಳು ಮಾತ್ರ ಮಾತಾಡಬೇಕು ಅನ್ನೋದು ದೊಡ್ಡ ಅಹಂಕಾರ. ಬೆಂಗಳೂರಿನ ಆ ಸಭೆಯಲ್ಲಿ ರೈತರು ಮಾತಾಡಿದ್ದರಿಂದಲೇ ಸ್ವತಂತ್ರ ಪರೀಕ್ಷೆಯ ವಿಷಯ ದೇಶದ ಕಿವಿಗೆ ಬಿತ್ತು. ನನ್ನ ಕೋರಿಕೆ ಇಷ್ಟೇ. ಹೊಸ ಬೀಜದ ಸುದ್ದಿ ಬಂದಾಗ ಬೆರಳು ಒತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದನ್ನು ಯಾವ ವಿಧಾನದಲ್ಲಿ ಮಾಡಿದರು? ಪರೀಕ್ಷೆ ಮಾಡಿದ್ದು ಯಾರು? ಮೂಲ ತಳಿ ಯಾವ ಊರಿನದು, ಆ ಊರನ್ನು ಕೇಳಿದರೇ? ಬೀಜ ರೈತನ ಪೆಟ್ಟಿಗೆಯಲ್ಲಿ ಉಳಿಯುತ್ತೋ, ಪ್ರತಿ ವರ್ಷ ಅಂಗಡಿಗೆ ಹೋಗಬೇಕೋ?

ಕಟಪಾಡಿ, ಮಟ್ಟು, ಕಾಪು ಕಡೆಯವರಿಗೆ ಇನ್ನೂ ಒಂದು ಮಾತು. ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತ್‌ನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ತಳಿ, ತಿಳಿವಳಿಕೆ ಎಲ್ಲ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಈ ವಾರ ಪಂಚಾಯತ್ ಕಡೆ ಹೋದಾಗ ಒಮ್ಮೆ ಆ ಪುಸ್ತಕ ತೋರಿಸಿ ಅಂತ ಕೇಳಿ. ಅದರಲ್ಲಿ ಗುಳ್ಳದ ಪುಟ ಇದೆಯಾ, ಆ ಪುಟದಲ್ಲಿ ಏನು ಬರೆದಿದ್ದಾರೆ ಅಂತ ನೋಡಿ. ಇಲ್ಲ ಅಂದ್ರೆ ಬರೆಸಿ. ನಾಳೆ ಯಾರಾದರೂ ‘ಈ ಗುಳ್ಳ ಯಾರದ್ದು?’ ಅಂತ ಕೇಳಿದರೆ ನ್ಯಾಯಾಲಯದಲ್ಲಿ ನಿಲ್ಲೋದು ಆ ಪುಟವೇ.