ಯಾರ್ಕ್‌ನ ಪಬ್ಬು, ಕಡ್ಡಿರಾಂಪುರದ ಚಾ ಅಂಗಡಿ



ಇವತ್ತಿನ ವಿಷಯ ಕೇಳಿ ಕೆಲವರು ಮುಖ ಸಿಂಡರಿಸಬಹುದು. ಪಬ್ಬು, ಬಿಯರ್ರು, ಮನೆಮಂದಿ ಎಲ್ಲ ಕೂತು ಟಿವಿ ನೋಡೋ ಹೊತ್ತಲ್ಲಿ ಇದೇನಪ್ಪಾ ಅಂತ. ಮೊದಲೇ ಹೇಳಿಬಿಡ್ತೀನಿ, ಕುಡೀರಿ ಅಂತ ಹೇಳೋಕೆ ನಾನಿಲ್ಲಿ ಕೂತಿಲ್ಲ. 2007ರ ಜುಲೈ 1ರಂದು ಈ ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟು ಮನೆಗಳ ಹೆಣ್ಣುಮಕ್ಕಳು ನಿರಾಳರಾದರು ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು. ನಾನು ಮಾತಾಡ್ತಿರೋದು ಹಳೇ ಕಟ್ಟಡಗಳ ಬಗ್ಗೆ, ಅವುಗಳೊಳಗೆ ಕೂರೋ ಜನರ ಬಗ್ಗೆ. ಶುರು ಇಂಗ್ಲೆಂಡಿನ ಯಾರ್ಕ್ ಪಟ್ಟಣದಿಂದ. ಆದರೆ ನಾವು ಹೋಗಿ ಸೇರಬೇಕಾಗಿರೋದು ಹೊಸಪೇಟೆಯಿಂದ ಹಂಪಿಗೆ ಹೋಗೋ ರಸ್ತೆಯಲ್ಲಿರೋ ಕಡ್ಡಿರಾಂಪುರಕ್ಕೆ.

ಯಾರ್ಕ್ ರೋಮನ್ನರು ಕ್ರಿ.ಶ. 71ರಲ್ಲಿ ಕಟ್ಟಿದ ಊರು. ಊರ ಸುತ್ತ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕೋಟೆ ಗೋಡೆ ಇವತ್ತಿಗೂ ನಿಂತಿದೆ, ಅದರ ಮೇಲೆ ಜನ ವಾಕಿಂಗ್ ಮಾಡ್ತಾರೆ. ಒಳಗೆ ಸಂದಿಗೊಂದಿ. ನಾನಲ್ಲಿ ಎರಡು ದಿನ ಓಡಾಡಿದ್ದೀನಿ. ಸ್ಟೋನ್‌ಗೇಟ್ ಅನ್ನೋ ಬೀದಿಯಲ್ಲಿ 'ಓಲ್ಡ್ ಸ್ಟಾರ್' ಅಂತ ಒಂದು ಪಬ್ಬಿದೆ. ಅದರ ಲೈಸೆನ್ಸ್ 1644ರದ್ದು. ನಮ್ಮಲ್ಲಿ ಶಿವಾಜಿ ಇನ್ನೂ ಹುಡುಗ ಆಗಿದ್ದ ಕಾಲ. ಇಡೀ ಬೀದಿಗೆ ಅಡ್ಡಲಾಗಿ ತೋರಣದ ಹಾಗೆ ಅದರ ಬೋರ್ಡು. ಫಾಸ್‌ಗೇಟ್ ಬೀದಿಯಲ್ಲಿ 'ಬ್ಲೂ ಬೆಲ್' ಅಂತ ಇನ್ನೊಂದು. ನಮ್ಮ ಬಾಡಿಗೆ ಮನೆಗಳ ಹಾಲ್‌ಗಿಂತ ಸ್ವಲ್ಪ ದೊಡ್ಡದಿರಬಹುದು ಅಷ್ಟೇ. 1903ರಲ್ಲಿ ಹೇಗಿತ್ತೋ ಒಳಗೆ ಇವತ್ತಿಗೂ ಹಾಗೇ ಇದೆ. ಸಂರಕ್ಷಿತ ಕಟ್ಟಡ, ಅನುಮತಿ ಇಲ್ಲದೆ ಒಳಗಿನ ಮರದ ಹಲಗೆ ಕೂಡ ಬದಲಿಸೋ ಹಾಗಿಲ್ಲ. ಹಾಗಂತ ಬೀಗ ಹಾಕಿ, ತಂತಿ ಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟಿಲ್ಲ. ಸಂಜೆ ಐದಾದರೆ ಕೆಲಸ ಮುಗಿಸಿದವರು ಬರ್ತಾರೆ, ಪೇಪರ್ ಓದ್ತಾರೆ, ಫುಟ್‌ಬಾಲ್ ಬಗ್ಗೆ ಜಗಳ ಆಡ್ತಾರೆ. ನಾನು ನಿಂಬೆ ಶರಬತ್ತು ಹಿಡ್ಕೊಂಡು ಕೂತಿದ್ದಕ್ಕೂ ಯಾರೂ ಏನೂ ಅನ್ನಲಿಲ್ಲ.

ಇನ್ನು ಬಿಯರ್ ವಿಷಯ. ಎಂಜಿನಿಯರಿಂಗ್ ಓದಿದ ಚಟ, ಯಂತ್ರ ಕಂಡರೆ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಬೇಕು. ಅಲ್ಲಿ 'ರಿಯಲ್ ಏಲ್' ಅಂತಾರೆ, ಅಂದರೆ ಅಸಲಿ ಏಲ್. ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ಬಿಯರನ್ನ ಪೀಪಾಯಿಗೆ ತುಂಬಿದ ಮೇಲೂ ಅದರೊಳಗೆ ಯೀಸ್ಟ್ ಜೀವಂತ ಇರುತ್ತೆ, ಪಬ್ಬಿನ ನೆಲಮಾಳಿಗೆಯಲ್ಲಿ ಅದು ಹುದುಗುತ್ತಾನೇ ಇರುತ್ತೆ. ಗ್ಯಾಸ್ ತುಂಬೋದಿಲ್ಲ. ಕೈಪಂಪು ಎಳೆದು ಗ್ಲಾಸಿಗೆ ಬಿಡ್ತಾರೆ, ನಮ್ಮೂರ ಬೋರ್‌ವೆಲ್ ಪಂಪಿನ ತಮ್ಮ ಅನ್ನಿ. ನೆಲಮಾಳಿಗೆ ಸುಮಾರು 12 ಡಿಗ್ರಿ ಇರಬೇಕು. ಪೀಪಾಯಿ ಒಮ್ಮೆ ತೆಗೆದರೆ ಮೂರ್ನಾಲ್ಕು ದಿನದಲ್ಲಿ ಖಾಲಿ ಆಗಬೇಕು, ಇಲ್ಲದಿದ್ದರೆ ಹುಳಿ. ನಮ್ಮ ಅಮ್ಮಂದಿರಿಗೆ ಇದನ್ನ ವಿವರಿಸೋದೇ ಬೇಡ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿಗೂ ಅಂಗಡಿಯ ಪ್ಯಾಕೆಟ್ ಹಿಟ್ಟಿಗೂ ಏನು ವ್ಯತ್ಯಾಸವೋ ಅದೇ ಇಲ್ಲೂ. ಮರದಿಂದ ಇಳಿಸಿದ ಸೇಂದಿಯೂ ಇದೇ ಜಾತಿ, ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಲಾರಿಯಲ್ಲಿ ಹಾಕಿ ದೂರ ಕಳಿಸೋಕೆ ಆಗಲ್ಲ. ಆ ಊರಲ್ಲೇ ಕುಡಿದು ಮುಗಿಸಬೇಕು.

ದೊಡ್ಡ ಕಂಪನಿಗಳಿಗೆ ಇಂಥದ್ದು ಹಿಡಿಸಲ್ಲ. 1960ರ ದಶಕದಲ್ಲಿ ಅಲ್ಲಿಯ ದೊಡ್ಡ ಬ್ರೂವರಿಗಳು ಬಿಯರನ್ನ ಸೋಸಿ, ಕಾಯಿಸಿ, ಯೀಸ್ಟ್ ಸಾಯಿಸಿ, ಗ್ಯಾಸ್ ತುಂಬಿ ದೇಶಕ್ಕೆಲ್ಲ ಒಂದೇ ರುಚಿ ಹಂಚೋಕೆ ಶುರು ಮಾಡಿದವು. 1971ರಲ್ಲಿ ನಾಲ್ಕು ಜನ ಗೆಳೆಯರು ಸೇರಿ ಅಸಲಿ ಏಲ್ ಉಳಿಸೋಕೆ 'ಕ್ಯಾಮ್ರಾ' ಅಂತ ಸಂಘ ಕಟ್ಟಿದರು. ನಗು ಬರುತ್ತೆ ಅಲ್ವಾ, ಬಿಯರ್ ಉಳಿಸೋಕೂ ಚಳವಳಿ! ಮುಂದೆ ಆ ಸಂಘದ ಸದಸ್ಯರ ಸಂಖ್ಯೆ ಲಕ್ಷ ದಾಟಿತು. ಪೀಪಾಯಿ ಉಳಿಬೇಕಾದರೆ ಪಬ್ಬು ಉಳಿಬೇಕು ಅಂತ ಅವರಿಗೆ ಬೇಗ ಅರ್ಥ ಆಯ್ತು. ದೇಶದ ಹಳೇ ಪಬ್ಬುಗಳ ಒಳಾಂಗಣದ ಪಟ್ಟಿಯನ್ನೇ ಅವರು ಮಾಡಿಟ್ಟಿದ್ದಾರೆ.

2011ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಳೀಯತಾ ಕಾಯ್ದೆ ಬಂತು. ಪಬ್ಬು, ಲೈಬ್ರರಿ, ಹಳ್ಳಿ ಅಂಗಡಿ, ಇದು ನಮ್ಮ ಸಮುದಾಯಕ್ಕೆ ಬೇಕಾದ ಆಸ್ತಿ ಅಂತ ಊರವರು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರೋಕೆ ಹೊರಟರೆ, ನಾವೇ ಕೊಳ್ತೀವಿ, ದುಡ್ಡು ಹೊಂದಿಸೋಕೆ ಆರು ತಿಂಗಳು ಕೊಡಿ ಅಂತ ಕೇಳಬಹುದು. ಅವರಿಗೇ ಮಾರಬೇಕು ಅನ್ನೋ ಬಲವಂತ ಇಲ್ಲ, ಸಮಯ ಮಾತ್ರ ಸಿಗುತ್ತೆ. ಲಂಡನ್ನಿನ 'ಐವಿ ಹೌಸ್' ಅನ್ನೋ ಪಬ್ಬನ್ನ ಜನ ಹೀಗೇ ಉಳಿಸಿಕೊಂಡರು. ಯಾರ್ಕ್‌ನಲ್ಲೂ 'ಗೋಲ್ಡನ್ ಬಾಲ್' ಅನ್ನೋ ಪಬ್ಬನ್ನ 2012ರಲ್ಲಿ ನೆರೆಹೊರೆಯವರ ಸಹಕಾರ ಸಂಘವೇ ವಹಿಸಿಕೊಂಡಿತು, ನಮ್ಮ ಹಾಲಿನ ಡೇರಿ ಸಂಘ ಇದ್ದ ಹಾಗೆ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆ ದೇಶದಲ್ಲಿ ಪ್ರತಿ ವರ್ಷ ಪಬ್ಬುಗಳು ಮುಚ್ಚುತ್ತಲೇ ಇವೆ.

ಅದೇ 2011. ಅದೇ ವರ್ಷದ ಜುಲೈನಲ್ಲಿ ನಮ್ಮ ಹಂಪಿಯಲ್ಲಿ ಏನಾಯ್ತು ನೆನಪಿದೆಯಾ?

ವಿರೂಪಾಕ್ಷ ದೇವಸ್ಥಾನದ ಎದುರಿಗೆ, ಎದುರು ಬಸವಣ್ಣನವರೆಗೂ ಚಾಚಿಕೊಂಡಿರೋ ಬಜಾರ್. ಎರಡೂ ಕಡೆ ಕಲ್ಲು ಮಂಟಪಗಳ ಸಾಲು. ಐನೂರು ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಪೇಯಸ್ ವಿಜಯನಗರದ ಪೇಟೆಗಳನ್ನ ನೋಡಿ ಬೆರಗಾಗಿ ಬರೆದಿದ್ದಾನೆ. ಪೇಟೆ ಅಂತ ಕಟ್ಟಿದ ಜಾಗದಲ್ಲಿ ನಮ್ಮ ಕಾಲದಲ್ಲೂ ಜನ ಪೇಟೆಯನ್ನೇ ನಡೆಸ್ತಿದ್ರು. ಚಾ ಅಂಗಡಿ, ಖಾನಾವಳಿ, ಹೂವು-ಕಾಯಿ, ಪುಸ್ತಕ, ಬಟ್ಟೆ. ಹೈಕೋರ್ಟ್ ಆದೇಶ ಅಂತ ಹೇಳಿ ಜೆಸಿಬಿ ಬಂತು. ಗಂಟು ಮೂಟೆ ಕಟ್ಟೋಕೂ ಸರಿಯಾಗಿ ಸಮಯ ಸಿಗಲಿಲ್ಲ. ನೂರಾರು ಕುಟುಂಬಗಳ ಬದುಕು ಬೀದಿಗೆ ಬಿತ್ತು. ಆರು ತಿಂಗಳ ಮಾತು ಬಿಡಿ ಸ್ವಾಮಿ. ಅವರಿಗೆ ಬದಲಿ ಜಾಗ ಅಂತ ತೋರಿಸಿದ್ದು ನಾಲ್ಕು ಕಿಲೋಮೀಟರ್ ಆಚೆಯ ಕಡ್ಡಿರಾಂಪುರವನ್ನ.

ಒಂದು ಮಾತನ್ನ ಪ್ರಾಮಾಣಿಕವಾಗಿ ಒಪ್ಪಬೇಕು. ಮಂಟಪಗಳಿಗೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು, ಕಂಬಕ್ಕೆ ಮೊಳೆ ಹೊಡೆದದ್ದು, ತಗಡು ಇಳಿಸಿದ್ದು ಎಲ್ಲ ನಿಜ. 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರೋ ಜಾಗ ಅದು. ಸುಮ್ಮನೆ ಬಿಡೋಕೆ ಆಗ್ತಿರಲಿಲ್ಲ. ನದಿ ಆಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಕೇಸು ಬೇರೆ, 2020ರಲ್ಲಿ ಸುಪ್ರೀಂ ಕೋರ್ಟೇ ಅದನ್ನ ತೀರ್ಮಾನ ಮಾಡಿದೆ, ಅದನ್ನ ಇಲ್ಲಿ ತಂದು ಬೆರೆಸೋದು ಬೇಡ. ನನ್ನ ತಕರಾರು ಇಷ್ಟೇ. ಮೊಳೆ ಹೊಡೆದವನಿಗೆ ದಂಡ ಹಾಕಿ, ಗೋಡೆ ಕೆಡವಿ, ತಗಡು ಕೀಳಿಸಿ. ಚಾ ಮಾರೋನನ್ನೇ ಯಾಕೆ ಕಿತ್ತು ಹಾಕಬೇಕಿತ್ತು? ಬ್ಲೂ ಬೆಲ್‌ನವನಿಗೆ ಹೇಳಿದ ಹಾಗೆ, ಕಲ್ಲು ಮುಟ್ಟಬೇಡ, ಒಲೆ ಹೊರಗಿಡು, ಸಂಜೆ ಸಾಮಾನು ತೆಗಿ, ಮಾತು ಮೀರಿದರೆ ಲೈಸೆನ್ಸ್ ರದ್ದು ಅಂತ ಇವನಿಗೂ ಹೇಳಬಹುದಿತ್ತು.

ಯಾರ್ಕ್‌ನಲ್ಲಿ ಊಸ್ ನದಿ ದಡದ ಮೇಲೆ 'ಕಿಂಗ್ಸ್ ಆರ್ಮ್ಸ್' ಅಂತ ಒಂದು ಪಬ್ಬಿದೆ. ನದಿ ಉಕ್ಕಿದಾಗೆಲ್ಲ ಒಳಗೆ ನೀರು. ಯಾವ ವರ್ಷ ಎಷ್ಟೆತ್ತರ ಬಂತು ಅಂತ ಅಲ್ಲೇ ಗುರುತು ಹಾಕಿಟ್ಟಿದ್ದಾರೆ. ನೀರಿಳಿದ ಮೇಲೆ ತೊಳೆದು ಮತ್ತೆ ಬಾಗಿಲು ತೆಗೀತಾರೆ. ತುಂಗಭದ್ರಾ ಡ್ಯಾಮಿಂದ ನೀರು ಬಿಟ್ಟಾಗ ನಮ್ಮ ಪುರಂದರ ಮಂಟಪವೂ ಮುಳುಗುತ್ತೆ. ನಾವು ಅದರ ವಿಡಿಯೋ ಹಾಕ್ತೀವಿ, ನೀವು ನೋಡ್ತೀರಿ. ಆದರೆ ಈ ನೀರು ಎಲ್ಲಿವರೆಗೆ ಬಂದಿತ್ತು, ಯಾವ ವರ್ಷ ಬಂದಿತ್ತು ಅಂತ ಹೇಳೋಕೆ ಬಜಾರಲ್ಲಿ ಇದ್ದೋರು ಈಗ ಅಲ್ಲಿಲ್ಲ.

ಹಂಪಿಗೆ ಹೋಗೋರು ಕಡ್ಡಿರಾಂಪುರದಲ್ಲಿ ಒಮ್ಮೆ ಗಾಡಿ ನಿಲ್ಲಿಸಿ. ವಿಜಯನಗರ ಕಾಲದ ಮುಸ್ಲಿಂ ಗೋರಿಗಳು ಗುಮ್ಮಟ ಸಮೇತ ಅಲ್ಲಿವೆ, ಆ ಕಡೆ ತಿರುಗಿ ನೋಡೋರು ಕಡಿಮೆ. ಒಗ್ಗಾಣಿ ಮಿರ್ಚಿ ತಿನ್ನಿ, ಚಾ ಕುಡೀರಿ. ಬಜಾರಿಂದ ಬಂದೋರು ಸಿಕ್ಕಿದರೆ, ಅಣ್ಣಾ, ನಿಮ್ಮ ಮಂಟಪ ಯಾವುದಿತ್ತು ಅಂತ ಕೇಳಿ.

ಹಂಪಿ ಪ್ರಾಧಿಕಾರದವರಿಗೆ ನನ್ನದು ಎರಡೇ ಪ್ರಶ್ನೆ. ಬಜಾರಿನ ಮಂಟಪಗಳಲ್ಲಿ ಹಗಲು ಹೊತ್ತಾದರೂ ಕಟ್ಟುನಿಟ್ಟಿನ ನಿಯಮದ ಮೇಲೆ ಚಾ, ಹೂವು, ಪುಸ್ತಕ ಮಾರೋಕೆ ಬಿಡೋದಕ್ಕೆ ಏನು ಅಡ್ಡಿ? ಬಿಟ್ಟರೆ, ಮೊದಲ ಅವಕಾಶ ಅಲ್ಲಿಂದ ಎದ್ದು ಹೋದವರಿಗೇ ಕೊಡ್ತೀರಾ? ಉತ್ತರ ಕಳಿಸಿ. ಇದೇ ಜಾಗದಲ್ಲಿ ಕೂತು ಅಕ್ಷರ ಬಿಡದೆ ಓದ್ತೀನಿ.